ವಿದಾದ್ ಹೇಳಿದ್ದು, ಅನಘಾ ಬರೆದದ್ದು

ದಯವಿಟ್ಟು ಬೆಂಡೆಕಾಯಿ ಮುರಿಯಬೇಡಿ ಎಂದು ಅಂಗಡಿಯವರು ಬೋರ್ಡೇ ಹಾಕಿದ್ದರು. ಆದರೂ ಡಲ್ಲಾಸ್ ಪಕ್ಕದ ಕ್ಯಾರಲ್ಟನ್ನಿನ ಆ ಅಂಗಡಿಗೆ ಬರುವ ಹೆಂಗಸರೆಲ್ಲ ಆಚೀಚೆ ನೋಡಿ, ತುದಿ ಮುರಿದು ನೋಡಿಯೇ ಕಾಯಿ ಆರಿಸುತ್ತಿದ್ದರು. ಅನಘಾಳೂ ಅದನ್ನೇ ಮಾಡುತ್ತಿದ್ದಳು. ನಾಲ್ಕನೆಯದನ್ನು ಮುರಿಯುವಾಗ ಫೋನ್ ಬಂತು. ಗುರುತಿಲ್ಲದ ಭಾರತದ ನಂಬರು.

"ಅನಘಾ ಅವರಾ? ನಮಸ್ಕಾರಮ್ಮ. ನಾನು ಉದಯಶಂಕರ ಅಂತ, ಮೈಸೂರು, ಸರಸ್ವತಿಪುರಂ. ನಿಮ್ಮ ಸೋದರತ್ತೆ ನಂಬರ್ ಕೊಟ್ರು. ತೊಂದರೆ ಕೊಟ್ಟೆನೇನೋ."

"ಇಲ್ಲ ಅಂಕಲ್, ಹೇಳಿ."

"ನನ್ನ ಮಗಳು ವೈದೇಹಿಗೆ ಒಂದು ಸಂಬಂಧ ಬಂದಿದೆ. ಹುಡುಗ ನಿಮ್ಮ ಕಡೆಯವನೇ, ಆಸ್ಟಿನ್ ಹತ್ರ ಸೀಡರ್ ಪಾರ್ಕ್ ಅಂತೆ. ಚಿಪ್ ಡಿಸೈನ್ ಕೆಲಸ. ಅನಿರುದ್ಧ್ ಅಂತ. ನಿಮ್ಮ ಯಜಮಾನ್ರಿಗೆ ಕ್ಲಾಸ್‌ಮೇಟ್ ಅಂತ ಗೊತ್ತಾಯ್ತು."

ಅನಘಾಳ ಕೈಯಲ್ಲಿದ್ದ ಬೆಂಡೆಕಾಯಿ ಅಲ್ಲೇ ನಿಂತಿತು.

"ಎರಡನೇ ಸಂಬಂಧ. ಅವರೇನೂ ಮುಚ್ಚಿಟ್ಟಿಲ್ಲ. ಮೊದಲನೆಯವರು ಪಾಪ, ಮನೆ ಮೆಟ್ಟಿಲಿಂದ ಜಾರಿ ಬಿದ್ದು ಹೋದ್ರಂತೆ. ನಮ್ಮವಳಿಗೂ ಮೂವತ್ತೊಂದಾಯ್ತು, ತೀರಾ ಆರಿಸ್ತಾ ಕೂರೋ ಹಾಗಿಲ್ಲ. ಈ ಭಾನುವಾರ ತಾಂಬೂಲ ಬದಲಾಯಿಸ್ಕೋಬೇಕು. ಅಷ್ಟರೊಳಗೆ ಹತ್ತಿರದಿಂದ ಕಂಡವರ ಬಾಯಲ್ಲಿ ಒಂದು ಮಾತು ಕೇಳಿಬಿಡೋಣ ಅಂತ. ಹುಡುಗ ಹೇಗಮ್ಮ?"

ಯಾರ ಮನೆಯ ಹುಡುಗನ ಬಗ್ಗೆ ಯಾರು ವಿಚಾರಿಸಿದರೂ ಒಂದೇ ಉತ್ತರ ಕೊಟ್ಟು ಅಭ್ಯಾಸವಾದ ಬಾಯಿ ಅದು. ಒಳ್ಳೆ ಹುಡುಗ ಅಂಕಲ್, ತುಂಬಾ ಡೀಸೆಂಟ್. ಆ ಮಾತು ನಾಲಗೆಯ ತುದಿಗೆ ಬಂದೇ ಬಿಟ್ಟಿತ್ತು. ಆಗ ಹಾಗಲಕಾಯಿಯ ರಾಶಿಯ ಹತ್ತಿರ ಬಗ್ಗಿ ನಿಂತಿದ್ದ ಹೆಂಗಸಿನ ಜಡೆ ಕಂಡಿತು. ಸೊಂಟ ದಾಟುವ ಜಡೆ, ತುದಿಯಲ್ಲಿ ಕಪ್ಪು ರಬ್ಬರ್‌ಬ್ಯಾಂಡು. ಅನಘಾ ಕಣ್ಣು ಮಿಟುಕಿಸಲಿಲ್ಲ. ಆ ಹೆಂಗಸು ತಿರುಗಿದಳು. ಯಾರೋ ಬೇರೆ.

"ಅಂಕಲ್, ಅಂಗಡೀಲಿದೀನಿ, ಸರಿಯಾಗಿ ಕೇಳಿಸ್ತಿಲ್ಲ. ನಾನೇ ಮಾಡ್ತೀನಿ."

"ಶನಿವಾರದೊಳಗೆ ಮಾಡಮ್ಮ. ಮರೀಬೇಡ."

ಅನಿರುದ್ಧನ ಹೆಂಡತಿ ಶ್ರಾವಣಿ ಸತ್ತು ಎರಡು ವರ್ಷವಾಗಿತ್ತು. ಈ ಎರಡು ವರ್ಷದಲ್ಲಿ ಅನಘಾ ಅವಳನ್ನು ಕಂಡದ್ದು ಎಷ್ಟು ಸಲವೋ. ದೀಪಾವಳಿಯ ಪಾಟ್‌ಲಕ್ ಊಟದಲ್ಲಿ ಪುಳಿಯೋಗರೆಯ ಸಾಲಿನಲ್ಲಿ, ಪಾರ್ಕಿಂಗಿನಲ್ಲಿ ಪಕ್ಕದ ಕಾರಿನ ಗಾಜಿನ ಹಿಂದೆ. ಶ್ರಾವಣಿ ಏನೂ ಕೇಳುತ್ತಿರಲಿಲ್ಲ. ಮಾತು ಮುಗಿಯಲಿ ಎಂದು ಕಾಯುವವಳ ಹಾಗೆ ನಿಂತಿರುತ್ತಿದ್ದಳು, ಅಷ್ಟೆ. ಅನಘಾ ಮಹಡಿಯ ಅಪಾರ್ಟ್‌ಮೆಂಟ್ ಬಿಟ್ಟು ನೆಲಮಟ್ಟದ್ದಕ್ಕೆ ಶಿಫ್ಟ್ ಆಗಿದ್ದಳು. ಗಂಡ ನಿಶ್ಚಲ್ ಕಾರಣ ಕೇಳಿದಾಗ, ದಿನಸಿ ಹೊತ್ತು ಹತ್ತೋಕಾಗಲ್ಲ ಎಂದಿದ್ದಳು.

ಸತ್ತ ಮರುದಿನ ಡಲ್ಲಾಸಿನಿಂದ ಇವರಿಬ್ಬರೂ ಸೀಡರ್ ಪಾರ್ಕಿಗೆ ಡ್ರೈವ್ ಮಾಡಿಕೊಂಡು ಹೋಗಿದ್ದರು. ಹೂಸ್ಟನ್ನಿನಿಂದ ಡಾಕ್ಟರ್ ಶಿವಾನಂದ ಅಂಕಲ್ ಬಂದಿದ್ದರು. ಟೆಕ್ಸಾಸಿನ ಕನ್ನಡದವರ ಮನೆಗಳಲ್ಲಿ ಮದುವೆಯಾಗಲಿ ಸಾವಾಗಲಿ, ಮುಂದೆ ನಿಂತು ನಡೆಸುವ ಹಿರಿಯರು ಅವರು. ತನಿಖೆಯ ಅಧಿಕಾರಿ ಶ್ರಾವಣಿಯ ತಾಯಿಯ ಜೊತೆ ಫೋನಿನಲ್ಲಿ ಮಾತಾಡಬೇಕೆಂದ. ತಾಯಿ ಹೊನ್ನಮ್ಮ ಗದಗಿನವರು, ಅವರಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಕನ್ನಡದ ದುಭಾಷಿ ಆ ದಿನ ಸಿಗಲಿಲ್ಲ. ಈ ಹುಡುಗಿ ಮಾಡ್ತಾಳೆ ಬಿಡಿ ಎಂದು ಅಂಕಲ್ಲೇ ಅನಘಾಳನ್ನು ಮುಂದೆ ತಂದರು. ಕೂರುವ ಮೊದಲು ಅವಳ ತಲೆ ಸವರಿ ಹೇಳಿದರು. "ಹೆತ್ತ ತಾಯಿ, ದುಃಖದಲ್ಲಿ ಏನೇನೋ ಅಂತಾರಮ್ಮ. ನೀನು ಸ್ವಲ್ಪ ನೋಡಿಕೊಂಡು ಹೇಳು. ಹೋದವಳು ವಾಪಸ್ ಬರಲ್ಲ. ಇರೋನ ವೀಸಾ, ಕೆಲಸ, ಜೀವನ ಎಲ್ಲಾ ನಿನ್ನ ಬಾಯಲ್ಲಿದೆ."

ಹೊನ್ನಮ್ಮ ಅಳಲಿಲ್ಲ. ಒಂದೊಂದಾಗಿ ಹೇಳುತ್ತ ಹೋದರು. ಅಳಿಯ ಹೊಡೆಯುತ್ತಿದ್ದ. ಯುಗಾದಿಯ ದಿನ ಹೊಡೆದ. ಹೋದ ತಿಂಗಳು ಕುತ್ತಿಗೆ ಹಿಡಿದಿದ್ದ. ಮಗಳು ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು ಫೋನ್ ಮಾಡಿದ್ದಳು. ಐದು ನಿಮಿಷವಾಯಿತು. ಅಧಿಕಾರಿ ಅನಘಾಳ ಮುಖ ನೋಡಿದ. ಶ್ರಾವಣಿಯ ಮುಂಗೈಯ ನೀಲಿ ಗುರುತನ್ನು ಅನಘಾ ತಾನೇ ಕಂಡಿದ್ದಳು, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳೇ ಎಂದು ತಾನೇ ಹೇಳಿದ್ದಳು. ಬಾಗಿಲ ಬಳಿ ಅನಿರುದ್ಧ್ ಗೋಡೆಗೆ ಒರಗಿ ಕೂತು ಚಿಕ್ಕ ಮಗುವಿನ ಹಾಗೆ ಬಿಕ್ಕುತ್ತಿದ್ದ. ಅನಘಾ ಇಂಗ್ಲಿಷಿನಲ್ಲಿ ಹೇಳಿದಳು: ಎಲ್ಲ ಗಂಡಹೆಂಡಿರ ಹಾಗೆ ಅವರಿಗೂ ಸಣ್ಣಪುಟ್ಟ ಮನಸ್ತಾಪ ಇತ್ತಂತೆ, ಬೇರೇನಿಲ್ಲ.

ಅಧಿಕಾರಿ ಬರೆದುಕೊಂಡ. ಫೈಲು ಮುಚ್ಚಿತು.

ಅಂಗಡಿಗೆ ಹೋಗಿದ್ದ ಆ ಗುರುವಾರ ಸಂಜೆ ಲಾಸ್ ಕೊಲಿನಾಸಿನ ಆಫೀಸಿನಿಂದ ನಿಶ್ಚಲ್ ಬಂದು ಶೂ ಬಿಚ್ಚುವಾಗಲೇ ಅನಘಾ ಫೋನಿನ ವಿಷಯ ಹೇಳಿದಳು. ಅವನಿಗೆ ಆಗಲೇ ಗೊತ್ತಿತ್ತು. ಶಿವಾನಂದ ಅಂಕಲ್ ಅವನಿಗೂ ಫೋನ್ ಮಾಡಿದ್ದರು.

"ಅವ್ನೂ ಎರಡು ವರ್ಷ ಒಬ್ಬನೇ ಇದ್ದ ಕಣೆ. ಕೌನ್ಸೆಲಿಂಗ್‌ಗೆ ಹೋಗ್ತಿದಾನೆ, ಕುಡಿಯೋದು ಬಿಟ್ಟಿದಾನೆ. ಮನುಷ್ಯ ಬದಲಾಗಲ್ವಾ?"

"ಬದಲಾಗಿರಬಹುದು. ಆದ್ರೆ ಅವರು ಕೇಳ್ತಿರೋದು ಏನು ನಡೀತು ಅಂತ."

"ಏನು ನಡೀತು ಅಂತ ನೀನು ನೋಡಿದ್ಯಾ? ನಾನು ನೋಡಿದ್ನಾ? ಮೆಟ್ಟಿಲ ಮೇಲೆ ಅವರಿಬ್ಬರೇ ಇದ್ದಿದ್ದು. ನಾಳೆ ಅವನು ನಿಜವಾಗ್ಲೂ ಏನೂ ಮಾಡಿಲ್ಲ ಅಂತಾದ್ರೆ?"

"ಆ ಹುಡುಗಿ ಆ ಮನೆಗೇ ಬರ್ತಾಳೆ, ನಿಶ್ಚಲ್. ಅದೇ ಮೆಟ್ಟಿಲು ಹತ್ತಿ ಇಳೀತಾಳೆ."

"ಅದಲ್ಲ, ಆವತ್ತು ನೀನು ಹೇಳಿದ್ದೇ ಸುಳ್ಳು ಅಂತಾಗುತ್ತೆ ಈಗ. ಅದು ಯೋಚ್ನೆ ಮಾಡಿದ್ಯಾ? ನಿನ್ನದು ಡಿಪೆಂಡೆಂಟ್ ವೀಸಾ. ಅಧಿಕಾರಿ ಮುಂದೆ ತಪ್ಪು ಹೇಳಿದ್ದು ಅಂದ್ರೆ ಸುಮ್ನೆ ಅಲ್ಲ." ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. "ಗೊತ್ತಿಲ್ಲ ಅಂಕಲ್, ಅಷ್ಟು ಪರಿಚಯ ಇಲ್ಲ ಅಂದ್ಬಿಡು. ಅದರಲ್ಲಿ ಸುಳ್ಳೂ ಇಲ್ಲ, ಪಾಪಾನೂ ಇಲ್ಲ."

ಶುಕ್ರವಾರ ಬೆಳಿಗ್ಗೆ ಅನಘಾ ಎಂದಿನಂತೆ ವಿದಾದ್ ಅವರ ಮನೆಗೆ ಹೋದಳು.

ಮೈಸೂರಿನಲ್ಲಿದ್ದಾಗ ಅನಘಾ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಮಾಡಿದವಳು. ಅಮೆರಿಕದ ಡಾಕ್ಟರುಗಳು ಗೊಣಗಿದ್ದನ್ನು ಕಿವಿಯಲ್ಲಿ ಕೇಳುತ್ತಲೇ ಬೆರಳಿನಲ್ಲಿ ಇಳಿಸುವ ಕೆಲಸ. ಡೋಸಿನ ಒಂದು ಸೊನ್ನೆ ಕೂಡ ತಪ್ಪುತ್ತಿರಲಿಲ್ಲ. ಇಲ್ಲಿ ಅವಳ ವೀಸಾದಲ್ಲಿ ಸಂಬಳದ ಕೆಲಸಕ್ಕೆ ಅವಕಾಶವಿರಲಿಲ್ಲ. ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ, ಕಣ್ಣು ಮಂದವಾದ ಲೇಖಕಿಗೆ ಟೈಪ್ ಮಾಡಿಕೊಡುವ ಸ್ವಯಂಸೇವಕರು ಬೇಕು ಎಂಬ ಚೀಟಿ ಕಂಡು ಹೋಗಿದ್ದಳು. ಹೀಗೆ ಈಜಿಪ್ಟಿನ ಕಥೆಗಾರ್ತಿಯೊಬ್ಬರ ಪರಿಚಯವಾಯಿತು.

ವಿದಾದ್ ಅವರಿಗೆ ಎಪ್ಪತ್ತಾರು. ನೈಲ್ ನದಿ ಸಮುದ್ರ ಸೇರುವ ಕಡೆಯ ಒಂದು ಹತ್ತಿ ಬೆಳೆಯುವ ಹಳ್ಳಿಯವರು, ಶಾಲೆಯ ಟೀಚರಾಗಿದ್ದವರು. ಅರಬ್ಬಿಯಲ್ಲಿ ಹನ್ನೊಂದು ಪುಸ್ತಕ ಬರೆದಿದ್ದರು, ಎಲ್ಲವೂ ಹೆಂಗಸರ ಕಥೆಗಳು. ಮೂರನೆಯ ಪುಸ್ತಕಕ್ಕೆ ಕೆಲಸ ಹೋಯಿತು. ಆರನೆಯದಕ್ಕೆ ಅಣ್ಣತಮ್ಮಂದಿರು ಮನೆಗೆ ಬರುವುದನ್ನು ಬಿಟ್ಟರು. ಗಂಡ ತೀರಿಕೊಂಡ ಮೇಲೆ ಮಗ ಟೆಕ್ಸಾಸಿಗೆ ಕರೆಸಿಕೊಂಡ. ಈಗ ಹನ್ನೆರಡನೆಯದನ್ನು ನೇರವಾಗಿ ಇಂಗ್ಲಿಷಿನಲ್ಲೇ ಹೇಳಿ ಬರೆಸುತ್ತಿದ್ದರು. ಅಡುಗೆಮನೆಯಿಂದ ಕಿಟಕಿಯವರೆಗೆ ಓಡಾಡುತ್ತಲೇ ಹೇಳುವರು. ದಿನದ ಕೊನೆಗೆ, ಬರೆದದ್ದನ್ನು ಗಟ್ಟಿಯಾಗಿ ಓದುವ ಕಂಪ್ಯೂಟರಿನ ಯಂತ್ರದ ದನಿಯನ್ನು ಕಣ್ಣು ಮುಚ್ಚಿ ಕೇಳುವರು.

"ಇವತ್ತು ಮಹಡಿಯ ಭಾಗ, ಬಿಂತಿ," ಎಂದರು. ಬಿಂತಿ ಎಂದರೆ ಮಗಳೇ. ಅವರಿಬ್ಬರ ಮಾತು ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ, ಆದರೆ ಆ ಒಂದು ಶಬ್ದವನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. "ಇದನ್ನು ಹೇಳಲು ಅರವತ್ತನಾಲ್ಕು ವರ್ಷ ಹಿಡಿಯಿತು. ನಿಧಾನ ಮಾಡಬೇಡ, ನಾನೂ ಮಾಡುವುದಿಲ್ಲ."

ಹೇಳತೊಡಗಿದರು. ಪಕ್ಕದ ಮನೆಯ ಹುಡುಗಿ, ನಗಾತ್ ಎಂದು ಹೆಸರು, ಹದಿನೇಳು ವರ್ಷ. ಮಹಡಿಯ ಮೇಲೆ ಪಾರಿವಾಳಗಳಿಗೆ ಜೋಳ ಹಾಕಲು ಹೋದದ್ದು. ಅಣ್ಣ ಹಿಂದಿನಿಂದ ಬಂದದ್ದು. ಎದುರು ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹನ್ನೆರಡು ವರ್ಷದ ಹುಡುಗಿ ನೋಡಿದ್ದು. ಅನಘಾಳ ಬೆರಳು ಮಾತಿನ ಜೊತೆಗೇ ಓಡುತ್ತಿತ್ತು. ಅರ್ಧ ಗಂಟೆಯಲ್ಲಿ ಮುಗಿಯಿತು.

"ಕೇಳಿಸು."

ಯಂತ್ರ ಓದಿತು. ಅದರ ದನಿಯಲ್ಲಿ ಏರಿಲ್ಲ, ಇಳಿವಿಲ್ಲ. ಪಾರಿವಾಳಗಳು ಬಂದವು, ಜೋಳ ಬಂತು, ಅಣ್ಣ ಬಂದ. ಆಮೇಲೆ ಯಂತ್ರ ಹೇಳಿತು: ನಗಾತ್ ಆಯತಪ್ಪಿ ಕೆಳಗೆ ಬಿದ್ದಳು.

ವಿದಾದ್ ಕಣ್ಣು ತೆರೆದರು. "ಇನ್ನೊಮ್ಮೆ."

ಯಂತ್ರ ಮತ್ತೆ ಅದನ್ನೇ ಹೇಳಿತು.

"ನಾನು ಏನು ಹೇಳಿದೆ?"

ಅವರು ಹೇಳಿದ್ದು ಅಕ್ಷರಕ್ಷರವೂ ಅನಘಾಳ ಕಿವಿಯಲ್ಲಿತ್ತು. "ಅಣ್ಣನ ಎರಡೂ ಕೈ ಅವಳ ಬೆನ್ನ ಮೇಲಿದ್ದವು. ಅವನು ತಳ್ಳಿದ."

"ನೀನು ಏನು ಬರೆದೆ?"

"ನನಗೆ ಗೊತ್ತಾಗಲಿಲ್ಲ ಮೇಡಂ. ಬೇಕಂತ ಮಾಡಿಲ್ಲ. ಬೆರಳು ಹೇಗೆ ಅದನ್ನ ಬರೆದವೋ."

ಅವಳು ಪರದೆಯತ್ತ ನೋಡಿದಳು. ಬಿದ್ದಳು. ಆ ಶಬ್ದದ ಹಿಂದೆ ಜಡೆ ಮುಂದೆ ಹಾಕಿಕೊಂಡು ಶ್ರಾವಣಿ ಕೂತ ಹಾಗಾಯಿತು. ಅನಘಾ ಕೀಲಿಗಳ ಮೇಲಿಂದ ಕೈ ತೆಗೆದಳು. ವಿದಾದ್ ಬಯ್ಯಲಿಲ್ಲ. ತಡಕಾಡಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಅನಘಾ ಎಲ್ಲವನ್ನೂ ಹೇಳಿದಳು. ಹೊನ್ನಮ್ಮ ಐದು ನಿಮಿಷ ಹೇಳಿದ್ದು, ತಾನು ಒಂದು ಸಾಲಿನಲ್ಲಿ ಮುಗಿಸಿದ್ದು, ಶ್ರಾವಣಿ ಕಣ್ಣಿಗೆ ಬೀಳುತ್ತಿರುವುದು, ಈಗ ಮೈಸೂರಿನ ಫೋನು.



"ನಮ್ಮ ಹಳ್ಳಿಗೂ ಪೊಲೀಸಿನವ ಬಂದಿದ್ದ," ಎಂದರು ವಿದಾದ್. "ಏನು ನೋಡಿದೆ ಮಗು ಅಂತ ಕೇಳಿದ. ಅಪ್ಪ ನನ್ನ ಭುಜದ ಮೇಲೆ ಕೈ ಇಟ್ಟಿದ್ದರು, ಮೆತ್ತಗೆ. ಮಲಗಿದ್ದೆ ಅಂದೆ. ಆಮೇಲೆ ಹನ್ನೊಂದು ಪುಸ್ತಕ ಬರೆದೆ. ತೆಗೆದು ನೋಡು, ಹನ್ನೊಂದರಲ್ಲೂ ಎಲ್ಲೋ ಒಂದು ಮಹಡಿ ಇದೆ. ಜನ ನನ್ನನ್ನು ಧೈರ್ಯವಂತೆ ಅಂದರು, ಕೆಲಸದಿಂದ ತೆಗೆದರು, ಕಲ್ಲು ಹೊಡೆದರು. ಅಷ್ಟೆಲ್ಲ ಆದರೂ ಒಂದರಲ್ಲೂ ಅವಳ ಹೆಸರು ಬರೆಯಲಿಲ್ಲ, ಅವನದೂ ಬರೆಯಲಿಲ್ಲ. ಕಥೆ ಮಾಡಿದೆ. ಕಥೆ ಮಾಡಿದರೆ ಸಾಕು ಅಂದುಕೊಂಡೆ."

"ಆ ಅಣ್ಣ?"

"ಮೂರು ವರ್ಷದ ಮೇಲೆ ಮದುವೆಯಾದ. ಹುಡುಗಿ ನಮ್ಮ ಶಾಲೆಯವಳೇ, ನನ್ನ ಬೆಂಚಿನವಳು. ಅವಳ ಕೈಗೆ ಗೋರಂಟಿ ಹಚ್ಚಿದವಳು ನಾನು. ಮದುವೆಯಲ್ಲಿ ಹಾಡಿದೆ ಕೂಡ."

"ಆಮೇಲೆ?"

"ಆಮೇಲೆ ಅವಳಿಗೆ ಏನಾಯಿತು ಅಂತ ವಿಚಾರಿಸಲು ನಾನು ಹೋಗಲಿಲ್ಲ, ಬಿಂತಿ. ಅದಕ್ಕೇ ನಗಾತ್ ನನ್ನ ಕಣ್ಣ ಮುಂದೆ ಬರುವಾಗ ಒಬ್ಬಳೇ ಬರುವುದಿಲ್ಲ. ಇಬ್ಬರು ಬರುತ್ತಾರೆ."

ಹೀಗೆ ಮಾಡು ಎಂದು ಅವರು ಹೇಳಲಿಲ್ಲ. ಎದ್ದು ಕಿಟಕಿಯ ಬಳಿ ಹೋದರು. "ನನ್ನ ಸಾಲು ಸರಿ ಮಾಡು," ಎಂದರು. "ಅದು ಮಾತ್ರ ನನ್ನ ಕೈಲಿರುವುದು." ಅನಘಾ ಅಳಿಸಿ ಬರೆದಳು. ಯಂತ್ರ ಓದಿತು: ಅವನು ತಳ್ಳಿದ. ವಿದಾದ್ ಮುಖವನ್ನು ಗಾಜಿನ ಕಡೆಗೇ ಇಟ್ಟುಕೊಂಡಿದ್ದರು.

ಶನಿವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಅನಘಾ ಫೋನ್ ಕೈಗೆತ್ತಿಕೊಂಡಳು. ಮೈಸೂರಿನಲ್ಲಿ ಆಗ ರಾತ್ರಿ ಊಟದ ಹೊತ್ತು. ನಿಶ್ಚಲ್ ಎದುರಿಗೆ ಕೂತಿದ್ದ, ಇಡ್ಲಿ ಹಾಗೇ ಇತ್ತು.

"ಮಾಡ್ಲೇಬೇಕಾ?"

"ಮಾಡ್ತೀನಿ."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಒಂದು ವಿಷಯ ನಿನಗೆ ಹೇಳಿಲ್ಲ. ಶ್ರಾವಣಿ ತೀರಿಕೊಂಡ ವರ್ಷ ಗಣೇಶನ ಹಬ್ಬದಲ್ಲಿ ಅವ್ನು ನನಗೆ ಹೇಳಿದ್ದ, ಮೊನ್ನೆ ಎರಡು ಬಿಟ್ಟೆ ಕಣೋ, ಈಗ ಸರಿಯಾಗಿದಾಳೆ ಅಂತ. ನಾನು ನಕ್ಕಿದ್ದೆ." ಅವನು ತಲೆ ಎತ್ತಿ ಅವಳನ್ನು ನೋಡಿದ. "ಕೇಳಿದ್ರೆ ಅದನ್ನೂ ಹೇಳು. ನನ್ನ ಹೆಸರು ಹಾಕೇ ಹೇಳು."

ಉದಯಶಂಕರ ಮೊದಲ ರಿಂಗಿಗೇ ಎತ್ತಿದರು. ಅನಘಾ ಸುತ್ತಿ ಬಳಸಿ ಮಾತಾಡಲಿಲ್ಲ. ಮುಂಗೈಯ ಗುರುತು, ಬಚ್ಚಲಿನಿಂದ ಬಂದ ಫೋನು, ಗಣೇಶನ ಹಬ್ಬದ ಮಾತು. ಆ ದಿನ ತಾಯಿ ಹೇಳಿದ್ದನ್ನು ತಾನು ಮುಚ್ಚಿದ್ದು.

ಆ ಕಡೆ ಟಿ.ವಿ.ಯ ಸದ್ದು ನಿಂತಿತು. "ಏನಮ್ಮ ಇದು. ಛತ್ರ ಹೇಳಿ ಆಗಿದೆ. ನೆಂಟರೆಲ್ಲ ಬಂದಿಳಿದಿದಾರೆ," ಎಂದರು ಅವರು. "ಹಾಗಾದ್ರೆ ಅವನೇ ಮಾಡಿದ್ದು ಅಂತೀಯಾ?"

"ಮೆಟ್ಟಿಲ ಮೇಲೆ ಏನಾಯ್ತೋ ನನಗೆ ಗೊತ್ತಿಲ್ಲ ಅಂಕಲ್. ಗೊತ್ತಿಲ್ಲದ್ದು ಹೇಳಲ್ಲ. ಗೊತ್ತಿರೋದು ಇಷ್ಟು, ಅವನು ಹೊಡೀತಿದ್ದ. ಈಗ ಬದಲಾಗಿದಾನೆ ಅಂತಾರೆ, ಅದೂ ನನಗೆ ಗೊತ್ತಿಲ್ಲ."

"ಎರಡು ವರ್ಷ ಸುಮ್ನಿದ್ದು ಈಗ ಹೇಳ್ತಿದೀಯಲ್ಲ. ಹೇಗಮ್ಮ ನಂಬೋದು ನಿನ್ನ?"

ಆಗ ಫೋನಿನಲ್ಲಿ ಇನ್ನೊಂದು ದನಿ ಬಂತು, ಹೆಣ್ಣುದನಿ, ಸಣ್ಣದು, ಆದರೆ ಗಟ್ಟಿ.

"ಅಕ್ಕ, ನಾನು ವೈದೇಹಿ. ಅಪ್ಪ ಸ್ಪೀಕರ್ ಹಾಕಿದ್ರು, ಕೇಳಿಸ್ಕೊಂಡೆ. ನಾಳೇದು ನಿಲ್ಲಿಸ್ತಾರೋ ಇಲ್ವೋ ಅಂತ ಇಲ್ಲಿ ಗಲಾಟೆ ಆಗುತ್ತೆ. ನಾನಂತೂ ಕೂರಲ್ಲ. ತೀರಿಕೊಂಡವರ ತಾಯಿ ನಂಬರ್ ಇದ್ರೆ ಕೊಡ್ತೀರಾ? ನಾನೇ ಮಾತಾಡ್ತೀನಿ."

"ಕೊಡ್ತೀನಿ. ಒಂದರ್ಧ ಗಂಟೆ ಟೈಮ್ ಕೊಡು. ಮೊದಲು ನಾನು ಅವರ ಹತ್ರ ಮಾತಾಡಬೇಕು."

ಗದಗಿನ ನಂಬರು ಎರಡು ವರ್ಷದಿಂದ ಫೋನಿನಲ್ಲೇ ಇತ್ತು. ಒಮ್ಮೆಯೂ ಒತ್ತಿರಲಿಲ್ಲ. ರಿಂಗಾಗುತ್ತಲೇ ಇತ್ತು. ಕಟ್ಟಾಗುತ್ತದೆ ಎನ್ನುವಷ್ಟರಲ್ಲಿ ದನಿ ಬಂತು.

"ಯಾರ್ರಿ?"

"ಅಮ್ಮ, ನಾನು ಅನಘಾ. ಅಮೆರಿಕದಿಂದ. ಶ್ರಾವಣಿ ಫ್ರೆಂಡು."

"ಆವತ್ತ ಫೋನಿನ್ಯಾಗ ಇಂಗ್ಲಿಷ್ ಮಾತಾಡಿದಾಕಿ ಏನ?"

"ಹೌದಮ್ಮ. ಅದಕ್ಕೇ ಮಾಡಿದೆ. ಆವತ್ತು ನೀವು ಹೇಳಿದ್ದನ್ನ ನಾನು ಆ ಅಧಿಕಾರಿಗೆ..."

"ಹೇಳಲಿಲ್ಲ," ಎಂದರು ಹೊನ್ನಮ್ಮ.

"ನಿಮಗೆ ಗೊತ್ತಿತ್ತಾ?"

"ನಂಗ ಇಂಗ್ಲಿಷ್ ಬರಂಗಿಲ್ಲವಾ, ಖರೇ. ನಾ ಅಷ್ಟುದ್ದ ಹೇಳಿದೆ, ನೀ ಒಂದು ಮಾತಿನ್ಯಾಗ ಮುಗಿಸಿದಿ. ಅದು ತಿಳೀಲಿಕ್ಕೆ ಇಂಗ್ಲಿಷ್ ಯಾಕ ಬೇಕು?"

ಅದರಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ಅನಘಾಳಿಗೆ ಸುಲಭವಾಗುತ್ತಿತ್ತು. ಅವಳು ಅತ್ತಳು. ಆ ಕಡೆಯವರು ಸಮಾಧಾನ ಹೇಳಲಿಲ್ಲ, ಫೋನನ್ನೂ ಇಡಲಿಲ್ಲ.

"ಅಮ್ಮ, ಅವನಿಗೆ ಇನ್ನೊಂದು ಮದುವೆ ಗೊತ್ತು ಮಾಡ್ತಿದಾರೆ. ಹುಡುಗಿ ಮನೆಯವರಿಗೆ ಹೇಳಿದೆ. ಅವಳು ನಿಮ್ಮ ಹತ್ರ ಮಾತಾಡ್ತೀನಿ ಅಂದ್ಲು."

"ಮಾತಾಡ್ಲಿ."

"ಇನ್ನೊಂದಿದೆ. ಆವತ್ತು ನೀವು ಹೇಳಿದ್ದನ್ನ ಮತ್ತೆ ಹೇಳ್ತೀರಾ? ನಾನು ಹಾಗೇ ಬರೆದು, ಇಂಗ್ಲಿಷ್ ಮಾಡಿ, ಆ ಅಧಿಕಾರಿಗೇ ಕಳಿಸ್ತೀನಿ. ಆವತ್ತು ನಾನು ಏನು ಮಾಡಿದೆ ಅನ್ನೋದನ್ನೂ ಅದರಲ್ಲೇ ಬರೀತೀನಿ. ಫೈಲ್ ತೆಗೀತಾರೋ ಇಲ್ವೋ ಗೊತ್ತಿಲ್ಲ."

"ನಿನಗ ಏನರ ತ್ರಾಸ ಆದ್ರ?"

"ಆಗಲಿ ಅಮ್ಮ."

ನಿಶ್ಚಲ್ ಎದ್ದು ಹೋಗಿ ಲ್ಯಾಪ್‌ಟಾಪ್ ತಂದು ಅವಳ ಮುಂದೆ ಇಟ್ಟು, ತಾನೂ ಪಕ್ಕದಲ್ಲಿ ಕೂತ. ಅನಘಾ ಫೋನನ್ನು ಸ್ಪೀಕರಿಗೆ ಹಾಕಿ ಕೀಲಿಗಳ ಮೇಲೆ ಬೆರಳಿಟ್ಟಳು.

"ಎಲ್ಲಾ ಬರೀತಿ ಏನ?" ಎಂದು ಹೊನ್ನಮ್ಮ ಕೇಳಿದರು.

"ಎಲ್ಲಾ."

"ಹಂಗಾದ್ರ ತಡಿ. ಒಲಿ ಮ್ಯಾಲ ಹಾಲಿಟ್ಟೀನಿ, ಗ್ಯಾಸ್ ಬಂದ್ ಮಾಡಿ ಬರ್ತೀನಿ. ಭಾಳ ಹೊತ್ತಾಗ್ತದ."

ಹೆಜ್ಜೆಯ ಸದ್ದು ದೂರ ಹೋಯಿತು. ಗದಗಿನ ಆ ಅಡುಗೆಮನೆಯಲ್ಲಿ ಪಾತ್ರೆಯೊಂದು ಕೆಳಗಿಳಿದದ್ದು, ಕುರ್ಚಿಯೊಂದನ್ನು ಎಳೆದದ್ದು ಕ್ಯಾರಲ್ಟನ್ನಿನ ಈ ಊಟದ ಮೇಜಿನವರೆಗೆ ಸ್ಪಷ್ಟವಾಗಿ ಕೇಳಿಸಿತು.